ಪದಚರ್ಚೆ: ‘ಆತ್ಮದ ಉದ್ಯಾನ’ವೋ ‘ಆತ್ಮದ ತೋಟ’ವೋ? ಜೊತೆಗೆ ‘ಕಸಿ’ಯ ಗೊಂದಲ

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನ ಧರ್ಮಕೇಂದ್ರದಲ್ಲಿ ಈ ಸಲದ ತಪಸ್ಸುಕಾಲಕ್ಕೆಂದು, ಎಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಿಗೆಂದು, ಒಂದು ಧ್ಯಾನದ ಪುಸ್ತಿಕೆ ಸಿದ್ಧವಾಗುತ್ತಿದೆ. ನಲವತ್ತು ದಿನ, ದಿನಕ್ಕೊಂದು ಪುಟ. ಬೈಬಲ್‌ನಲ್ಲಿ ಬರುವ ತೋಟಗಳನ್ನು ಹಿಡಿದುಕೊಂಡು ಆತ್ಮದ ಬೆಳವಣಿಗೆಯ ಬಗ್ಗೆ ಬರೆಯುವುದೆಂದು ತೀರ್ಮಾನವಾಯಿತು. ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕರಡಿನ ಮುಖಪುಟದ ಮೇಲೆ ‘ಆತ್ಮದ ಉದ್ಯಾನ’ ಎಂದಿತ್ತು. ನಾನು ಉದ್ಯಾನವನ್ನು ಹೊಡೆದುಹಾಕಿ ‘ತೋಟ’ ಎಂದು ಬರೆದೆ. ಕರಡು ಬರೆದ ಹುಡುಗನಿಗೆ ಬೇಸರವಾಯಿತು. ಒಳ್ಳೆಯ ಗದ್ಯ ಬರೆಯುವ ಹುಡುಗ. “ತೋಟ ಎಂದರೆ ಕಾಫಿ, ಅಡಿಕೆ ನೆನಪಾಗುತ್ತದೆ ಅಂಕಲ್, ಭಕ್ತಿ ಬರುವುದಿಲ್ಲ” ಎಂದ. ನನಗೆ ಭಕ್ತಿ ಬಂದದ್ದೇ ಕಾಫಿ ತೋಟದಲ್ಲಿ ಎಂದು ಹೇಳಬೇಕೆನಿಸಿತು, ಸುಮ್ಮನಿದ್ದೆ. ಆ ಸುಮ್ಮನಿದ್ದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ.

ಉದ್ಯಾನದ ಮೇಲೆ ನನಗೆ ಸಿಟ್ಟೇನಿಲ್ಲ. ಸಂಸ್ಕೃತದಲ್ಲಿ ಉದ್ಯಾನ ಎಂದರೆ ಮೊದಲು ಹೊರಗೆ ಹೋಗುವುದು, ಆಮೇಲೆ ಹಾಗೆ ವಿಹಾರಕ್ಕೆ ಹೋಗುವ ಜಾಗ. ಆ ಪದದೊಳಗೆ ತಿರುಗಾಡುವವನು ಇದ್ದಾನೆ, ನೀರು ಹಾಯಿಸುವವನು ಇಲ್ಲ. ಲಾಲ್‌ಬಾಗನ್ನೇ ನೋಡಿ: ಹೆಸರು ಸಸ್ಯೋದ್ಯಾನ, ಅದನ್ನು ನೋಡಿಕೊಳ್ಳುವುದು ಮಾತ್ರ ತೋಟಗಾರಿಕೆ ಇಲಾಖೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದವರಿಗೆ ಉದ್ಯಾನ, ಕಳೆ ಕೀಳುವವರಿಗೆ ತೋಟ.

ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಏದೆನಿಗೆ ತಂದಿಟ್ಟದ್ದು ವಿಹಾರಕ್ಕಲ್ಲ. ಹದಿನೈದನೆಯ ವಚನದ ಹೀಬ್ರೂ ಮೂಲದಲ್ಲಿ ಎರಡು ಕ್ರಿಯಾಪದಗಳಿವೆ, ‘ಆವದ್’ ಮತ್ತು ‘ಶಾಮರ್’. ಎರಡನೆಯದು ಕಾಯು. ಮೊದಲನೆಯದಕ್ಕೆ ದುಡಿ, ಉಳು, ಊಳಿಗ ಮಾಡು ಎಂಬ ಅರ್ಥಗಳಿವೆ, ದೇವರ ಸೇವೆ ಮಾಡು ಎಂಬ ಅರ್ಥವೂ ಇದೆ. ಮುಂದೆ ದೇವರ ಸೇವೆಗೆ ಮೀಸಲಾದ ಕುಲದ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡಬೇಕಾದ ಕೆಲಸವನ್ನು ಹೇಳುವಾಗ ಇದೇ ಜೋಡಿ ಮರಳಿ ಬರುತ್ತದೆ. ಮಣ್ಣಿನ ಕೆಲಸಕ್ಕೂ ಗುಡಿಯ ಕೆಲಸಕ್ಕೂ ಒಂದೇ ಮಾತು. ಕಾಯಕ ಎಂಬ ಪದವನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಯ ಹಳೆಯ ಸತ್ಯವೇದದಲ್ಲಿ ‘ಏದೆನ್ ವನ’ ಎಂದಿತ್ತು. ಆದರೆ ಅಜ್ಜಿ ಕಥೆ ಹೇಳುವಾಗ ‘ಏದೆನ್ ತೋಟ’ ಎಂದೇ ಹೇಳುತ್ತಿದ್ದರು, ಸರ್ಪ ಬಂದದ್ದು ಯಾರೋ ಬೇಲಿಯ ಕಂಡಿ ಮುಚ್ಚದೆ ಬಿಟ್ಟದ್ದರಿಂದ ಎಂದು ತಮ್ಮದೇ ವ್ಯಾಖ್ಯಾನ ಸೇರಿಸುತ್ತಿದ್ದರು.

ಬೇಲಿಯ ಮಾತು ಬಂದದ್ದು ಒಳ್ಳೆಯದಾಯಿತು. ತೋಟಕ್ಕೆ ಹೀಬ್ರೂವಿನಲ್ಲಿ ‘ಗನ್’ ಎನ್ನುತ್ತಾರೆ. ಅದರ ಧಾತುವಿಗೆ ಮರೆಮಾಡು, ಕಾಪಾಡು ಎಂಬ ಅರ್ಥ. ಗುರಾಣಿಗೆ ಇರುವ ‘ಮಾಗೇನ್’ ಎಂಬ ಪದವೂ ಅದೇ ಬುಡದ್ದು. ಹೀಬ್ರೂ ಬೈಬಲನ್ನು ಗ್ರೀಕಿಗೆ ತಂದವರು ಏದೆನಿನ ‘ಗನ್’ಗೆ ‘ಪರಾದೈಸೋಸ್’ ಎಂದು ಬರೆದರು. ಅದು ಗ್ರೀಕರ ಸ್ವಂತ ಪದವಲ್ಲ. ಪಾರಸಿಕ ಅರಸರ ತೋಪುಗಳ ಬಗ್ಗೆ ಬರೆಯುತ್ತ ಗ್ರೀಕ್ ಲೇಖಕ ಕ್ಸೆನೊಫೋನ್ ಬಳಸಿದ ಪದ, ಮೂಲ ಇರಾನಿನದು: ‘ಪೈರಿ’ ಎಂದರೆ ಸುತ್ತ, ‘ದೈಜ’ ಎಂದರೆ ಗೋಡೆ. ಕನ್ನಡ ಬೈಬಲ್‌ನ ‘ಪರದೈಸು’ ಇದರ ಮೊಮ್ಮಗು. ನಾವು ಅದರಲ್ಲಿ ‘ಪರ’ವನ್ನು ಕೇಳಿಸಿಕೊಂಡು ಪರಲೋಕಕ್ಕೆ ಹೋಗಿಬಿಡುತ್ತೇವೆ. ನಿಜವಾದ ನಂಟಿರುವುದು ಪರಿಧಿ, ಪರಿಸರಗಳಲ್ಲಿರುವ ‘ಪರಿ’ಯ ಜೊತೆ. ಇನ್ನು ‘ದೈಜ’ ನಮ್ಮ ‘ದೇಹ’ದ ದಾಯಾದಿ, ಎರಡೂ ಮಣ್ಣನ್ನು ಮೆತ್ತಿ ರೂಪ ಕೊಡುವ ಅರ್ಥದ ಧಾತುವಿನಿಂದ ಹುಟ್ಟಿದವು. ಮಣ್ಣಿನಿಂದ ಮನುಷ್ಯನನ್ನು ಮಾಡಿ ಮಣ್ಣಿನ ಗೋಡೆಯೊಳಗೆ ಇಟ್ಟ ಕಥೆಗೆ ಈ ನಂಟು ತಾನಾಗಿ ಒದಗಿದ್ದು. ಇದರ ಮೇಲೆ ಪ್ರಸಂಗ ಕಟ್ಟಬೇಡಿ ಎಂದು ಹುಡುಗನಿಗೆ ಹೇಳಿದ್ದೇನೆ, ಆದರೂ ನನಗೆ ಸಂತೋಷವಾಯಿತು.

ತೋಟಕ್ಕೆ ತಪಸ್ಸಿನ ಗಾಳಿ ಇಲ್ಲ ಎನ್ನುವವರಿಗೆ ಕನ್ನಡದಲ್ಲೇ ಉತ್ತರವಿದೆ. ಹಳೆಯ ರೂಪ ‘ತೋಂಟ’. ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತದ್ದರಿಂದ ಎಡೆಯೂರಿನ ಸಿದ್ಧಲಿಂಗ ಯತಿಗಳು ತೋಂಟದ ಸಿದ್ಧಲಿಂಗರಾದರು. ಅವರನ್ನು ಯಾರೂ ‘ಉದ್ಯಾನದ ಸಿದ್ಧಲಿಂಗ’ ಎನ್ನಲಿಲ್ಲ.

ಇನ್ನು ಗೆತ್ಸೆಮನೆ, ಬಂಧನದ ರಾತ್ರಿ ಯೇಸು ಪ್ರಾರ್ಥಿಸಿದ ಜಾಗ. ಚಿಕ್ಕಂದಿನಲ್ಲಿ ನಾನು ಅದನ್ನು ಒಂದು ಮನೆ ಎಂದುಕೊಂಡಿದ್ದೆ, ಗೆತ್ಸೆ ಎಂಬುವರ ಮನೆ. ತೋಟದ ಮನೆ ಇರಬೇಕು ಎಂದು ಲೆಕ್ಕ ಹಾಕಿದ್ದೆ. ನಿಜದಲ್ಲಿ ಅದು ‘ಗತ್ ಶೆಮಾನೀಮ್’, ಎಣ್ಣೆ ಗಾಣ. ಓಲಿವ್ ಹಣ್ಣನ್ನು ಹಿಂಡಿ ಎಣ್ಣೆ ತೆಗೆಯುವ ಜಾಗ. ‘ಗೆತ್ಸೆಮನೆ ತೋಟ’ ಎಂಬ ಜೋಡಿಪದ ಯೇಸುವಿನ ಬಾಳನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಮತ್ತಾಯ ಮತ್ತು ಮಾರ್ಕರು ಗೆತ್ಸೆಮನೆ ಎಂಬ ಹೆಸರು ಕೊಡುತ್ತಾರೆ, ತೋಟ ಎನ್ನುವುದಿಲ್ಲ. ಯೊವಾನ್ನರು ಕೆದ್ರೋನ್ ಹಳ್ಳದ ಆಚೆ ಒಂದು ತೋಟ ಎನ್ನುತ್ತಾರೆ, ಹೆಸರು ಕೊಡುವುದಿಲ್ಲ. ಎರಡನ್ನೂ ಹೊಲಿದು ಒಂದು ಮಾಡಿದ್ದು ಓದುಗರು. ಕರಡಿನಲ್ಲಿ ‘ಗೆತ್ಸೆಮನೆಯ ಪ್ರಶಾಂತ ಉದ್ಯಾನ’ ಎಂದಿತ್ತು. ಗಾಣದ ಪಕ್ಕದಲ್ಲಿ, ಬೆವರು ನೆತ್ತರಿನ ಹನಿಗಳಂತೆ ನೆಲಕ್ಕೆ ಬಿದ್ದ ರಾತ್ರಿಯಲ್ಲಿ, ಪ್ರಶಾಂತ ಎಲ್ಲಿಂದ ಬಂತು? ‘ಪ್ರಶಾಂತ’ವನ್ನೂ ಹೊಡೆದುಹಾಕಿದೆ.

ಯೊವಾನ್ನರಿಗೆ ತೋಟ ಬೇಕಾಗಿತ್ತು ಎನಿಸುತ್ತದೆ. ಯೇಸುವಿನ ಬಂಧನ ತೋಟದಲ್ಲಿ, ಶಿಲುಬೆಗೇರಿಸಿದ ಜಾಗದಲ್ಲೊಂದು ತೋಟ, ಸಮಾಧಿ ಆ ತೋಟದೊಳಗೆ. ಮೂರನೆಯ ದಿನ ಇನ್ನೂ ಕತ್ತಲಿರುವಾಗ ಬಂದ ಶಿಷ್ಯೆ ಮಗ್ದಲದ ಮರಿಯಳು ಎದುರಿಗೆ ನಿಂತ ಯೇಸುವನ್ನು ‘ಕೇಪೂರೋಸ್’ ಎಂದು ತಿಳಿದಳು. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಸಲ. ನಾವು ‘ತೋಟಗಾರ’ ಎನ್ನುತ್ತೇವೆ. ಆದರೆ ಮಲೆನಾಡಿನಲ್ಲಿ ಈಗ ತೋಟಗಾರ ಎಂದರೆ ಜೀಪಿನಲ್ಲಿ ಬಂದಿಳಿಯುವ ಮಾಲೀಕ. ಅಷ್ಟು ಬೆಳಗ್ಗೆ ಅವರು ಬರುವುದಿಲ್ಲ. ಮರಿಯಳ ಕಣ್ಣಿಗೆ ಕಂಡದ್ದು ತೋಟದ ಆಳು. ಡಚ್ ಚಿತ್ರಕಾರ ರೆಂಬ್ರಾಂಟನಿಗೆ ಇದು ಗೊತ್ತಿತ್ತು: 1638ರ ಚಿತ್ರದಲ್ಲಿ ಯೇಸುವಿನ ತಲೆಗೆ ಅಗಲ ಅಂಚಿನ ಟೋಪಿ, ಕೈಗೆ ಸಲಿಕೆ ಕೊಟ್ಟಿದ್ದಾನೆ. ಪುಸ್ತಿಕೆಯಲ್ಲಿ ‘ತೋಟದ ಕೆಲಸದವನು’ ಎಂದು ಮಾಡಿದ್ದೇನೆ. ಧರ್ಮಕೇಂದ್ರದ ಗುರುಗಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಇರಲಿ’ ಎಂದರು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಯೊವಾನ್ನರ ಹದಿನೈದನೆಯ ಅಧ್ಯಾಯ, ಯೇಸು ತಮ್ಮನ್ನು ನಿಜವಾದ ದ್ರಾಕ್ಷಿಬಳ್ಳಿ ಎಂದೂ ತಂದೆಯಾದ ದೇವರನ್ನು ಅದರ ಬೆಳೆಗಾರ ಎಂದೂ ಕರೆಯುವ ಮಾತು. ಫಲ ಕೊಡದ ಕವಲನ್ನು ತಂದೆ ಏನು ಮಾಡುತ್ತಾನೆ, ಫಲ ಕೊಡುವುದನ್ನು ಏನು ಮಾಡುತ್ತಾನೆ ಎಂಬುದಕ್ಕೆ ಗ್ರೀಕಿನಲ್ಲಿ ಪ್ರಾಸ ಕೂಡುವ ಎರಡು ಕ್ರಿಯಾಪದಗಳಿವೆ: ‘ಐರೇಯ್’, ‘ಕಥೈರೇಯ್’. ಮೊದಲನೆಯದಕ್ಕೆ ತೆಗೆದುಹಾಕು ಎಂದೂ ಅರ್ಥ, ಮೇಲಕ್ಕೆತ್ತು ಎಂದೂ ಅರ್ಥ. ನೆಲಕ್ಕೆ ಬಿದ್ದ ಬಳ್ಳಿಯನ್ನು ಎತ್ತಿ ಕಟ್ಟುವುದು ಎಂದು ಬಿಡಿಸುವವರೂ ಇದ್ದಾರೆ. ಇದಕ್ಕೆ ಕನ್ನಡದ ‘ಎತ್ತು’ ಸಾಕು, ಮಗುವನ್ನು ಎತ್ತುವುದೂ ಅದೇ, ಎತ್ತಂಗಡಿಯೂ ಅದೇ. ಎರಡನೆಯದೇ ಕಷ್ಟ. ‘ಕಥೈರೇಯ್’ ಎಂದರೆ ಶುಚಿ ಮಾಡುತ್ತಾನೆ, ಬಳ್ಳಿಯ ವಿಷಯದಲ್ಲಿ ಸವರುತ್ತಾನೆ. ಮರುವಚನದಲ್ಲೇ ಅದೇ ಬುಡದ ‘ಕಥರೋಯ್’ ಬರುತ್ತದೆ: ನೀವು ಈಗಾಗಲೇ ಶುದ್ಧರು. ‘ಶುದ್ಧಿ ಮಾಡುತ್ತಾನೆ’ ಎಂದರೆ ಬಳ್ಳಿ ಕಣ್ಮರೆಯಾಗಿ ತೀರ್ಥದ ಬಟ್ಟಲು ಕಾಣಿಸುತ್ತದೆ. ‘ಸವರುತ್ತಾನೆ’ ಎಂದರೆ ಬಳ್ಳಿ ಉಳಿಯುತ್ತದೆ, ಮರುವಚನದ ಕೊಂಡಿ ಕಳಚುತ್ತದೆ.

ನನ್ನ ಮೊದಲ ಮನಸ್ಸು ‘ಕಸಿ’ಯ ಮೇಲೆ ಹೋಯಿತು. ನನ್ನ ತಂದೆ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರಾಗಿದ್ದರು. ಕೊಯ್ಲು ಮುಗಿದ ಮೇಲೆ ಕಸಿ ಕೆಲಸ, ಎಂದರೆ ಗಿಡ ಸವರುವ ಕೆಲಸ, ಶುರುವಾಗುತ್ತಿತ್ತು. ಒಣಗಿದ ಕಡ್ಡಿ, ಒಂದರ ಮೇಲೊಂದು ಹಾಯ್ದ ರೆಂಬೆ, ಬುಡದಿಂದ ನೆಟ್ಟಗೆ ಎದ್ದು ಸಾರವನ್ನೆಲ್ಲ ಕುಡಿಯುವ ಚಿಗುರು, ಎಲ್ಲ ಹೋಗಬೇಕು. ತಂದೆ ಸಾಲಿನ ಕೊನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗಿಡದ ಒಳಗಿಂದ ನೋಡುತ್ತಿದ್ದರು. ಗಿಡದ ನಡುವೆ ಬಿಸಿಲು ಕಾಸಿನಗಲವಾದರೂ ನೆಲಕ್ಕೆ ಬೀಳಬೇಕು, ಬೀಳದಿದ್ದರೆ ಆ ಗಿಡಕ್ಕೆ ಇನ್ನೊಮ್ಮೆ ಕತ್ತರಿ. ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿದವನಿಗೂ ಬೈಗುಳ, ಮನಸ್ಸು ಬಾರದೆ ಬಿಟ್ಟವನಿಗೂ ಬೈಗುಳ. ತಪಸ್ಸುಕಾಲವೂ ಸರಿಸುಮಾರು ಅದೇ ತಿಂಗಳುಗಳಲ್ಲಿ ಬರುವುದರಿಂದ ಉಪವಾಸ ಎಂದಾಗ ನನಗೆ ಇವತ್ತಿಗೂ ಹಸಿ ಕಡ್ಡಿ ಕತ್ತರಿಸಿದ ವಾಸನೆಯೇ ಮೂಗಿಗೆ ಬರುತ್ತದೆ.

ಆದರೆ ಕಾಫಿ ಸೀಮೆ ದಾಟಿದರೆ ಕಸಿ ಎಂದರೆ ಕಸಿ ಕಟ್ಟುವುದು, ಕಸಿ ಮಾವು. ಪುಸ್ತಿಕೆಯಲ್ಲಿ ಅದೂ ಬೇಕು, ಏಕೆಂದರೆ ಬೈಬಲ್‌ನಲ್ಲಿ ರೋಮನರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಸಂತ ಪೌಲರು ಕಾಡು ಓಲಿವ್ ಕೊಂಬೆಯನ್ನು ನಾಡು ಓಲಿವ್ ಮರಕ್ಕೆ ಕಸಿ ಕಟ್ಟುತ್ತಾರೆ. ರೂಢಿ ಇದಕ್ಕೆ ತಿರುಗುಮುರುಗು: ಕಾಡಿನ ಬುಡಕ್ಕೆ ಒಳ್ಳೆಯ ತಳಿಯ ಕೊಂಬೆ ಕಟ್ಟುತ್ತಾರೆ. ಪೌಲರಿಗೂ ಅದು ಗೊತ್ತು, ಇದು ಸ್ವಭಾವಕ್ಕೆ ವಿರುದ್ಧ ಎಂದು ತಾವೇ ಹೇಳಿಕೊಳ್ಳುತ್ತಾರೆ. ಹತ್ತನೆಯ ದಿನದ ಪುಟದಲ್ಲಿ ಕಸಿ ಎಂದರೆ ಕತ್ತರಿಸುವುದು, ಹದಿನಾಲ್ಕನೆಯ ದಿನದಲ್ಲಿ ಸೇರಿಸುವುದು ಎಂದಾದರೆ ಓದುವವರ ಗತಿ? ಮೇಲಾಗಿ ‘ಕಸಿ’ ಎಂದರೆ ಕಿತ್ತುಕೊಳ್ಳುವುದೂ ಹೌದು. ‘ತಂದೆ ಕಸಿಯುತ್ತಾನೆ’ ಎಂದು ಯಾರಾದರೂ ಪೀಠದ ಮೇಲೆ ನಿಂತು ಓದಿದರೆ ಮುಗಿಯಿತು.

ಕೊಡಗಿನವರು ಮರದ ಕೊಂಬೆ ಸವರುವುದಕ್ಕೆ ‘ಕಪಾತು’ ಎನ್ನುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರದು ‘ಚಾಟ್ನಿ’, ಮರಾಠಿಯ ಛಾಟಣಿಯಿಂದ ಬಂದದ್ದು. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಹೊಸ ಚಿಗುರಿನಲ್ಲಷ್ಟೇ ಗೊನೆ ಬರುವ ಬಳ್ಳಿ ಅದು, ಕತ್ತರಿ ಬೀಳದಿದ್ದರೆ ಎಲೆಯೇ ಎಲೆ. ಯೊವಾನ್ನರ ಈ ಅಧ್ಯಾಯ ಅಲ್ಲಿಯವರಿಗೆ ಅರ್ಥವಾಗುವಷ್ಟು ನಮಗೆ ಆಗಲಾರದು. ಆದರೆ ನಮ್ಮೂರಿನ ಪುಸ್ತಿಕೆಯಲ್ಲಿ ಚಾಟ್ನಿ ಎಂದು ಹಾಕಿದರೆ ಊಟದ ಎಲೆಯ ತುದಿಗೆ ಬಡಿಸುವ ಚಟ್ನಿಯೇ ನೆನಪಾದೀತು.

ಕೊನೆಗೆ ನನಗೆ ಹೊಳೆದದ್ದು ‘ಹಸನು’. ಹೊಲ ಹಸನು ಮಾಡುತ್ತಾರೆ, ಅಕ್ಕಿ ಹಸನು ಮಾಡುತ್ತಾರೆ, ಬಾಳು ಹಸನಾಗಲಿ ಎಂದು ಹರಸುತ್ತಾರೆ. ಕೆಡುಕನ್ನು ತೆಗೆಯುವುದೂ ಅದರಲ್ಲಿದೆ, ತೆಗೆದ ಮೇಲಿನ ಚೆಲುವೂ ಇದೆ. ‘ಫಲ ಕೊಡುವ ಕವಲನ್ನು ಹಸನು ಮಾಡುತ್ತಾನೆ’, ಮರುವಚನಕ್ಕೆ ‘ನೀವು ಈಗಾಗಲೇ ಹಸನಾಗಿದ್ದೀರಿ’. ಗ್ರೀಕಿನ ಕೊಂಡಿ ಕೂಡಿತು. ಆದರೆ ಹೊಲವನ್ನು, ಕಾಳನ್ನು ಹಸನು ಮಾಡಿದಂತೆ ಗಿಡವನ್ನೋ ಬಳ್ಳಿಯನ್ನೋ ಹಸನು ಮಾಡುತ್ತಾರೆಯೇ? ನಿಮ್ಮ ಊರಿನಲ್ಲಿ ಹಾಗೆ ಕೇಳಿದ್ದೀರಾ? ಇದು ಮೊದಲ ಪ್ರಶ್ನೆ.

ಎರಡನೆಯದು ನೀರಿನದು. ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ 1565ರಲ್ಲಿ ಮುಗಿಸಿದ ತಮ್ಮ ಬಾಳಿನ ಕಥೆಯಲ್ಲಿ, ಹನ್ನೊಂದನೆಯ ಅಧ್ಯಾಯದಿಂದ ಮುಂದಕ್ಕೆ, ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸುತ್ತಾರೆ. ನೆಲ ಬಂಜರು, ತುಂಬ ಕಳೆ. ಕಳೆ ಕಿತ್ತು ಸಸಿ ನೆಡುವವನು ದೇವರೇ, ನೀರಿನ ಹೊಣೆ ನಮ್ಮದು. ಬಾವಿಯಿಂದ ಸೇದುವುದು ಒಂದು ಬಗೆ, ಅದರಲ್ಲಿ ಕೈ ಸೋಲುತ್ತದೆ, ಎಷ್ಟೋ ದಿನ ಬಾವಿಯೇ ಬತ್ತಿರುತ್ತದೆ. ಚಕ್ರ ತಿರುಗಿಸಿ ಎತ್ತುವುದು ಇನ್ನೊಂದು. ಹೊಳೆಯಿಂದಲೋ ತೊರೆಯಿಂದಲೋ ಹರಿದು ಬರುವುದು ಮೂರನೆಯದು. ಕೊನೆಯದು ಮಳೆ. ಕರಡಿನಲ್ಲಿ ಹುಡುಗ ನಾಲ್ಕಕ್ಕೂ ‘ನೀರುಣಿಸುವುದು’ ಎಂದು ಬರೆದಿದ್ದ. ಚೆಂದದ ಪದ, ಆದರೆ ಇಲ್ಲಿ ಎಲ್ಲವನ್ನೂ ಸಮತಟ್ಟು ಮಾಡಿಬಿಡುತ್ತದೆ. ನಾನು ಸೇದು, ಎತ್ತು, ಹರಿ, ಸುರಿ ಎಂದು ಬೇರೆ ಮಾಡಿದೆ. ನೋಡಿ, ಮೊದಲೆರಡರಲ್ಲಿ ‘ನಾನು’ ಎಂಬ ಕರ್ತೃ ಇದ್ದಾನೆ. ಮೂರನೆಯದಕ್ಕೆ ಬರುವಷ್ಟರಲ್ಲಿ ನೀರೇ ಕರ್ತೃ, ನಾನು ಬರೀ ಕಾಲುವೆಯ ಬಾಯಿ ಬಿಡಿಸುವವನು. ಮಳೆಗೆ ನನ್ನ ಹಂಗೇ ಇಲ್ಲ. ಮೂರನೆಯ ನೀರಿನ ಹೊತ್ತಿಗೆ ದೇವರೇ ಹೆಚ್ಚುಕಡಿಮೆ ತೋಟದವನಾಗಿಬಿಡುತ್ತಾನೆ ಎಂದು ತೆರೇಸಾ ಹೇಳುತ್ತಾರೆ. ಮರಿಯಳ ತಪ್ಪು ತಿಳುವಳಿಕೆ ಅಷ್ಟೇನೂ ತಪ್ಪಾಗಿರಲಿಲ್ಲ.

ಸಿಕ್ಕಿಹಾಕಿಕೊಂಡದ್ದು ಆ ಎರಡನೆಯ ಬಗೆಯ ಚಕ್ರದಲ್ಲಿ. ಸ್ಪೇನಿನವರ ‘ನೋರಿಯಾ’, ಅರಬ್ಬರಿಂದ ಬಂದ ಹೆಸರು. ಸುತ್ತಲೂ ಗಡಿಗೆಗಳನ್ನು ಕಟ್ಟಿದ ಚಕ್ರ, ಒಂದು ಕಡೆ ತುಂಬಿಕೊಂಡು ಮೇಲೇರಿ ಇನ್ನೊಂದು ಕಡೆ ದೋಣಿಗೆ ಸುರಿಯುತ್ತ ಇಳಿಯುತ್ತದೆ. ನಮ್ಮ ಏತ ಇದಲ್ಲ, ಅದು ತೊಲೆ ತೂಗುವುದು. ಕಪಿಲೆಯೂ ಅಲ್ಲ, ಅದು ಎತ್ತುಗಳು ಚರ್ಮದ ಬಾನಿಯನ್ನು ಎಳೆಯುವುದು. ರಾಟೆ ಎಂದರೆ ಬಾವಿಕಟ್ಟೆಯ ಮೇಲಿನ ಗಾಲಿಯಷ್ಟೇ ಕಣ್ಣಿಗೆ ಬರುತ್ತದೆ. ಸದ್ಯಕ್ಕೆ ‘ಗಡಿಗೆ ಚಕ್ರ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಬಯಲುಸೀಮೆಯ ಹಳೆಯ ಬಾವಿಗಳಲ್ಲಿ ಇಂಥದ್ದನ್ನು ಕಂಡವರು, ಅದಕ್ಕೆ ನೀರು ಹಾಯಿಸುವವರು ಯಾವ ಹೆಸರು ಹೇಳುತ್ತಿದ್ದರು ಎಂದು ತಿಳಿಸುತ್ತೀರಾ? ನಿಘಂಟಿನ ಪದ ಬೇಡ, ಬಾವಿಕಟ್ಟೆಯ ಮೇಲೆ ಕೇಳಿದ ಪದ ಬೇಕು.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಹದಿನೈದು ದಿನ ಮೊದಲೇ ಕರಡು ಅಚ್ಚಿಗೆ ಹೋಗಬೇಕು. ಮುಖಪುಟದ ಮೇಲೆ ಈಗ ‘ತೋಟ’ ಇದೆ. ಹುಡುಗ ಒಪ್ಪಿದ್ದಾನೆ, ಆದರೆ ಒಳಗೆ ಮೂರನೆಯ ಪುಟದಲ್ಲಿ ಒಂದು ‘ಉದ್ಯಾನ’ವನ್ನು ಹಾಗೇ ಉಳಿಸಿಕೊಂಡಿದ್ದಾನೆ. ನಾನು ನೋಡಿಯೂ ನೋಡದಂತೆ ಬಿಟ್ಟಿದ್ದೇನೆ.