ಉಪ್ಪು ಹಾಕಿದರೆ ಒಲೆಯ ಹೊಗೆ ಕೊಳವೆ ಸ್ವಚ್ಛ ಆಗುತ್ತಾ?

ಗುಂಪು: ಮೂಲಮನೆ ಬಳಗ

ಸುಬ್ಬಣ್ಣ: (ಫಾರ್ವರ್ಡ್ ಮಾಡಿದ ವಿಡಿಯೊ) ಎಲ್ಲರೂ ನೋಡಿ. ಉರಿಯುವ ಒಲೆಗೆ ಒಂದು ಹಿಡಿ ಕಲ್ಲುಪ್ಪು, ಜೊತೆಗೆ ಒಣಗಿಸಿದ ಆಲೂಗಡ್ಡೆ ಸಿಪ್ಪೆ ಹಾಕುವುದು. ಕೊಳವೆಯ ಮಸಿ ತಾನಾಗಿ ಉದುರುತ್ತದೆ. ಮನೆಯ ಮಾಡು ಹತ್ತುವ ಕೆಲಸವೇ ಇಲ್ಲ. ಗಣಪಾ, ಊರಿನ ಮನೆಯ ಮೂರು ಪಾತ್ರೆಯ ಅಸ್ತ್ರ ಒಲೆಗೆ ಮಾಡಿ ನೋಡು.

ವೀಣಾ: ಸುಲಭ ಇದೆ ಅಲ್ವಾ! ಕಳೆದ ಸಲ ಬಂದಾಗ ಅಡುಗೆಮನೆ ತುಂಬ ಹೊಗೆ. ಅತ್ತಿಗೆ ಕಣ್ಣು ಒರೆಸಿಕೊಳ್ಳುತ್ತಲೇ ಅಡುಗೆ ಮಾಡಿದರು.

ಗಣಪ: ಚಿಕ್ಕಪ್ಪಾ, ದಯವಿಟ್ಟು ಇದನ್ನು ಬೇರೆ ಗುಂಪುಗಳಿಗೆ ಕಳಿಸಬೇಡಿ. ಉಪ್ಪಿನಿಂದ ಕೊಳವೆ ಸ್ವಚ್ಛ ಆಗುವುದಿಲ್ಲ. ಸ್ವಚ್ಛ ಆಯಿತು ಅಂದುಕೊಂಡು ಜನ ಗುಡಿಸುವುದನ್ನೇ ಬಿಡುತ್ತಾರೆ. ಅಪಾಯ ಇರುವುದು ಅಲ್ಲೇ.

ಸುಬ್ಬಣ್ಣ: ಅಜ್ಜಿ ಬಚ್ಚಲ ಒಲೆಗೆ ಉಪ್ಪು ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯವರು ಸುಮ್ನೆ ಮಾಡುತ್ತಿರಲಿಲ್ಲ.

ಶಾರದಾ: ಮಾವ, ಅದು ಮಕ್ಕಳಿಗೆ ದೃಷ್ಟಿ ತೆಗೆದ ಉಪ್ಪು, ಮೆಣಸು. ಆ ಒಲೆಗೆ ಕೊಳವೆಯೇ ಇರಲಿಲ್ಲ. ಹೊಗೆ ಹಂಚಿನ ಸಂದಿಯಿಂದ ಹೋಗುತ್ತಿತ್ತು.

ಸುಬ್ಬಣ್ಣ: ಸರಿ, ಅದು ಬಿಡು. ಆಲೂಗಡ್ಡೆ ಸಿಪ್ಪೆಯ ಪಿಷ್ಟ ಆವಿಯಾಗಿ ಮಸಿಯನ್ನು ಮೆತ್ತಗೆ ಮಾಡುತ್ತದೆ ಎಂದು ವಿವರಿಸಿದ್ದಾರಲ್ಲ. ಮಸಿ ಬಿದ್ದದ್ದನ್ನೂ ತೋರಿಸಿದ್ದಾರೆ.

ಗಣಪ: ಒಣಗಿದ ಏನನ್ನು ಜೋರಾಗಿ ಉರಿಸಿದರೂ ಕಾವಿಗೆ ಸ್ವಲ್ಪ ಮಸಿ ಪದರ ಬಿಟ್ಟು ಬೀಳುತ್ತದೆ. ತೆಂಗಿನ ಗರಟೆ ಹಾಕಿದರೂ ಬೀಳುತ್ತದೆ. ಅದು ಸಿಪ್ಪೆಯ ಗುಣ ಅಲ್ಲ, ಬೆಂಕಿಯದು. ಮತ್ತೆ, ಬಿದ್ದ ಮಸಿ ಎಲ್ಲಿಗೆ ಹೋಗುತ್ತದೆ? ಕೊಳವೆಯ ಬುಡದ ತಿರುವಿನಲ್ಲೇ ಕೂರುತ್ತದೆ. ವಿಡಿಯೊದಲ್ಲಿ ಒಲೆಯ ಬಾಯಿ ತೋರಿಸಿದರು, ಕೊಳವೆಯ ಒಳಗೆ ಒಂದು ಸಲವೂ ತೋರಿಸಲಿಲ್ಲ.

ನಮ್ಮ ಒಲೆಯ ವಿಷಯ ಬೇರೆಯೇ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದೇ ಅದರ ಕೆಲಸ. ಈ ಒಲೆ ಅಲ್ಲಿಂದ ಬಂದದ್ದು. ಬೆಂಕಿ ಇರುವುದು ಮೊದಲ ಪಾತ್ರೆಯ ಅಡಿಯಲ್ಲಿ ಮಾತ್ರ. ಎರಡನೆಯದು, ಮೂರನೆಯದು ಕಾಯುವುದು ಹೊರಗೆ ಹೋಗುವ ಹೊಗೆಯ ಬಿಸಿಯಿಂದ. ಕಟ್ಟಿಗೆ ಉಳಿಯುವುದು ಹಾಗೆ. ಆದರೆ ಬಿಸಿಯನ್ನೆಲ್ಲ ಪಾತ್ರೆಗಳೇ ಎಳೆದುಕೊಂಡ ಮೇಲೆ ಕೊಳವೆಗೆ ಬರುವ ಹೊಗೆ ತಣ್ಣಗಾಗಿರುತ್ತದೆ. ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಹೊಗೆಯಲ್ಲಿರುವ ಡಾಂಬರಿನಂಥ ಅಂಟು ಕೊಳವೆಯ ಒಳಗೋಡೆಗೆ ಹಿಡಿಯುತ್ತದೆ. ಹಸಿ ಕಟ್ಟಿಗೆ ಹಾಕಿದರಂತೂ ಕೇಳುವುದೇ ಬೇಡ. ಬಿಸಿಯ ಒಂದು ಪಾಲು ಕಟ್ಟಿಗೆಯ ನೀರು ಒಣಗಿಸುವುದಕ್ಕೇ ಹೋಗಿ, ಹೊಗೆ ಇನ್ನೂ ತಣ್ಣಗೆ, ಅಂಟು ಇನ್ನೂ ಜಾಸ್ತಿ.

ಈ ಅಂಟು ಬರೀ ಕೊಳೆ ಅಲ್ಲ, ಉರುವಲು. ಒಂದು ದಿನ ಕಿಡಿ ಮೇಲೆ ಹೋದರೆ ಕೊಳವೆಯ ಒಳಗೇ ಬೆಂಕಿ ಹಿಡಿಯುತ್ತದೆ. ಸಾವಿರ ಡಿಗ್ರಿಯ ತನಕ ಹೋಗಬಲ್ಲ ಬೆಂಕಿ ಅದು. ನಮ್ಮ ಕೊಳವೆಗೂ ಮಾಡಿನ ಮರದ ಪಕಾಸಿಗೂ ಮಧ್ಯೆ ಒಂದು ಗೇಣೂ ಜಾಗ ಇಲ್ಲ. ಪಕ್ಕದ ಅಟ್ಟದಲ್ಲಿ ಅಡಿಕೆ ಸಿಪ್ಪೆಯ ಚೀಲಗಳು.

ವೀಣಾ: ಅಯ್ಯೋ, ಹಾಗಿದ್ದರೆ ಒಲೆಯನ್ನೇ ಬಿಟ್ಟುಬಿಡಿ. ಇನ್ನೊಂದು ಸಿಲಿಂಡರ್ ತಗೊಂಡರೆ ಆಯಿತು.

ಶಾರದಾ: ಸಿಲಿಂಡರ್ ಇದೆ ವೀಣಾ. ಚಹಾ, ಒಗ್ಗರಣೆ ಎಲ್ಲ ಅದರಲ್ಲೇ. ಆದರೆ ಅಡಿಕೆ ಕೊಯ್ಲಿನಲ್ಲಿ ಇಷ್ಟು ಆಳಿಗೆ ಅನ್ನ, ಹಲಸಿನ ಹಪ್ಪಳದ ಸೊಳೆ ಬೇಯಿಸುವುದು, ಎಲ್ಲ ಗ್ಯಾಸಿನಲ್ಲಿ ಸಾಧ್ಯವೇ? ಕಟ್ಟಿಗೆ ತೋಟದಲ್ಲೇ ಬಿದ್ದಿರುತ್ತದೆ.

ಪ್ರಶಾಂತ: ಐರ್ಲೆಂಡಿನಿಂದ ಒಂದು ಮಾತು. ನಮ್ಮ ಬಾಡಿಗೆ ಮನೆಯಲ್ಲೂ ಕಟ್ಟಿಗೆಯ ರೇಂಜ್ ಕುಕ್ಕರ್ ಇದೆ, ಅಂದರೆ ಓವನ್ ಸೇರಿದ ದೊಡ್ಡ ಒಲೆ. ಎರಕದ ಕಬ್ಬಿಣದ್ದು. ಹೊಗೆ ಓವನ್ನಿನ ಸುತ್ತ ಸುತ್ತಿ ಆಮೇಲೆ ಕೊಳವೆಗೆ ಹೋಗುತ್ತದೆ, ಥೇಟ್ ಅಸ್ತ್ರ ಒಲೆಯ ಲೆಕ್ಕ. ಓವನ್ನಿನ ನೆತ್ತಿಯ ಮೇಲೆ ಮಸಿ ಕೂತರೆ ರೊಟ್ಟಿ ಬೇಯುವುದೇ ಇಲ್ಲ. ಅದನ್ನು ಉದ್ದ ಹಿಡಿಯ ಕೆರೆಯುವ ಸಲಾಕೆಯಿಂದ ನಾನೇ ಎಳೆಯುತ್ತೇನೆ. ಕೊಳವೆ ಗುಡಿಸುವುದಕ್ಕೆ ವರ್ಷಕ್ಕೆ ಎರಡು ಸಲ ಜನ ಬರುತ್ತಾರೆ. ದೊಡ್ಡಪ್ಪಾ, ಇಲ್ಲೂ ಆಲೂಗಡ್ಡೆ ಸಿಪ್ಪೆಯ ಮಾತು ಹಳೆಯವರು ಹೇಳುತ್ತಾರೆ. ಅವರ ಮನೆಗೂ ಬ್ರಷ್‌ನವನು ಬಂದೇ ಬರುತ್ತಾನೆ.

ಇನ್ನೊಂದು, ಕೊಳವೆ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ಉಳಿಯುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆಗಾಲದಲ್ಲಿ ನೀವು ಕಿಟಕಿ ಹಾಕಿಕೊಂಡು ಕೂರುತ್ತೀರಿ. ಅತ್ತಿಗೆ, ಒಲೆ ಮುಂದೆ ತಲೆನೋವು ಬಂದರೆ ಮೊದಲು ಹೊರಗೆ ಬನ್ನಿ.

ಸುಬ್ಬಣ್ಣ: ಉಪ್ಪಿನದು ಒಪ್ಪಿದೆ ಎನ್ನೋಣ. ಹಾಕಿದರೆ ನಷ್ಟವಾದರೂ ಏನು?

ಗಣಪ: ಉಪ್ಪಿನ ಕ್ಲೋರೈಡು ಕಬ್ಬಿಣವನ್ನು ತಿನ್ನುತ್ತದೆ. ಒಲೆಯ ಜಾಲರಿ, ಕೊಳವೆಯ ತಗಡಿನ ಟೋಪಿ, ಎರಡಕ್ಕೂ ತುಕ್ಕು.

ಸುಬ್ಬಣ್ಣ: ಮತ್ತೆ ನೀನು ಗುಡಿಸುವುದು ಹೇಗೆ? ಪಾಚಿ ಹಿಡಿದ ಹಂಚಿನ ಮೇಲೆ ಹತ್ತಿಯೇ ಅಲ್ವಾ? ನನಗೆ ಇರುವ ಹೆದರಿಕೆ ಅದು. ವಿಡಿಯೊ ಹಾಕಿದ್ದೂ ಅದಕ್ಕೇ. ಇನ್ನು ಹತ್ತಬೇಡ, ನಿನ್ನ ಅಪ್ಪನ ಹಾಗೆ ಜಾರಿ ಬೀಳುವುದು ಬೇಡ.

ಗಣಪ: ಅದು ನನ್ನ ತಲೆಯಲ್ಲೂ ಇದೆ ಚಿಕ್ಕಪ್ಪಾ. ಈಗ ಮಾಡುವುದು ಹೀಗೆ. ಹಿಂದಿನ ರಾತ್ರಿ ಒಲೆ ಉರಿಸುವುದಿಲ್ಲ. ಬೆಳಿಗ್ಗೆ ಒಲೆಯಲ್ಲಿ ಪಾತ್ರೆ ಇಡುವ ತೂತುಗಳಿಗೆ ಒದ್ದೆ ಗೋಣಿ ಮುಚ್ಚುತ್ತೇವೆ. ನಾನು ಮೇಲಿನಿಂದ ಹಗ್ಗಕ್ಕೆ ಕಲ್ಲು ಮತ್ತು ಒದ್ದೆ ಗೋಣಿಯ ಗಂಟು ಕಟ್ಟಿ ಇಳಿಸಿ ಎಳೆಯುತ್ತೇನೆ. ತಂತಿ ಬ್ರಷ್ ಹಾಕುವಂತಿಲ್ಲ, ಆ ಕಾಲದ ಆಸ್ಬೆಸ್ಟಾಸ್ ಸಿಮೆಂಟ್ ಪೈಪು ಅದು. ಕೆರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ.

ಶಾರದಾ: ಕೆಳಗಿನದು ನನ್ನ ಕೆಲಸ. ಎರಡನೇ ತೂತಿನಿಂದ ಮೂರನೆಯದಕ್ಕೆ ಹೋಗುವ ಸುರಂಗದಲ್ಲಿ ಬೂದಿ, ಮಸಿ ಸೇರಿ ಮೆತ್ತಗೆ ಕೂತಿರುತ್ತದೆ. ಗರಟೆಯ ಸೌಟಿನಿಂದ ಬಗ್ಗಿ ತೆಗೆಯಬೇಕು. ತೆಗೆದ ಮಾರನೇ ದಿನ ಮೂರನೇ ಪಾತ್ರೆಯ ನೀರು ಕೈ ಸುಡುವಷ್ಟು ಕಾಯುತ್ತದೆ. ಮಸಿ ತುಂಬಿದಾಗ ಅದೇ ನೀರು ಉಗುರು ಬೆಚ್ಚಗೆ.

ಪ್ರಶಾಂತ: ಗಣಪಣ್ಣ, ಇಲ್ಲಿ ಕೊಳವೆಯ ಬುಡಕ್ಕೆ ಮುಚ್ಚಳದ ಬಾಯಿ ಇರುತ್ತದೆ. ಬ್ರಷ್‌ಗೆ ಒಂದಕ್ಕೊಂದು ಕೋಲು ತಿರುಗಿಸಿ ಸೇರಿಸುತ್ತಾ ಕೆಳಗಿನಿಂದಲೇ ಮೇಲಕ್ಕೆ ತಳ್ಳುತ್ತಾರೆ. ಮಾಡು ಹತ್ತುವುದಿಲ್ಲ.

ಗಣಪ: ಅದನ್ನೇ ಮಾಡಬೇಕು. ಆಸ್ಬೆಸ್ಟಾಸ್ ಪೈಪನ್ನು ಮುರಿಯದೆ ಇಡಿಯಾಗಿ ಇಳಿಸಿ, ಸ್ಟೀಲ್ ಕೊಳವೆ ಹಾಕಿಸಿ, ಬುಡದಲ್ಲಿ ಮುಚ್ಚಳದ ಬಾಯಿ ಇರುವ ಟೀ (T ಆಕಾರದ ಪೈಪಿನ ತುಂಡು) ಕೊಡಿಸುವುದು. ತಗುಲುವ ಆ ಒಂದು ಪಕಾಸಿ ಕತ್ತರಿಸಿ ಅಡ್ಡ ತುಂಡು ಕೊಡಿಸುತ್ತೇನೆ. ಅಟ್ಟದ ಚೀಲ ನಾಳೆಯೇ ಕೊಟ್ಟಿಗೆಗೆ.

ಸುಬ್ಬಣ್ಣ: ಖರ್ಚು ಎಲ್ಲರೂ ಹಂಚಿಕೊಳ್ಳೋಣ. ಮನೆ ಎಲ್ಲರದ್ದು. ಬೇರೆ ಮೂರು ಗುಂಪಿಗೆ ಈ ವಿಡಿಯೊ ಹಾಕಿದ್ದೆ, ಅಲ್ಲೂ ಬರೆಯುತ್ತೇನೆ.

ವೀಣಾ: ನನ್ನ ಪಾಲು ಇವತ್ತೇ ಕಳಿಸುತ್ತೇನೆ. ಮಳೆ ಹಿಡಿಯುವ ಮೊದಲು ಮುಗಿಸಿಬಿಡು ಗಣಪಣ್ಣ.

ಶಾರದಾ: ಟೀಯ ಬಾಯಿ ಬಾಗಿಲ ಕಡೆಗೆ ಇರಲಿ. ಗೋಡೆಯ ಕಡೆ ಇಟ್ಟರೆ ನನಗೆ ಕೈ ಹೋಗುವುದಿಲ್ಲ.