ಮಗುವಿನ ಹೊದಿಕೆ, ಅಪ್ಪನ ಕಾಲುಚೀಲ: ಯಾವುದನ್ನು ಮೊದಲು ಹೆಣೆಯಲಿ?

ಮೈಸೂರಿನಿಂದ, ಪ್ರಶ್ನೆ

ಹೆಣಿಗೆಯ ಎರಡು ಮೂಲ ಕುಣಿಕೆಗಳು, ನಿಟ್ (ಸೀದಾ), ಪರ್ಲ್ (ಉಲ್ಟಾ), ಎರಡೂ ಬರುತ್ತವೆ. ಮನೆಯವರಿಗೆಲ್ಲ ಮಫ್ಲರ್ ಹೆಣೆದು ಕೊಟ್ಟಾಗಿದೆ. ಇನ್ನೊಂದು ಮಫ್ಲರ್ ಹಿಡಿದು ಎದುರಿಗೆ ಹೋದರೆ ಓಡಿಹೋಗುತ್ತಾರೆ. ತಂಗಿಗೆ ಡಿಸೆಂಬರ್ ಹೊತ್ತಿಗೆ ಹೆರಿಗೆ, ಬಾಣಂತನ ನಮ್ಮಲ್ಲೇ. ಮಗುವಿಗೊಂದು ಹೊದಿಕೆ, ಒಂದು ಕುಲಾವಿ, ಜೊತೆಗೆ ರಾತ್ರಿ ಕಾಲು ತಣ್ಣಗಾಗುತ್ತದೆ ಎನ್ನುವ ಅಪ್ಪನಿಗೆ ಒಂದು ಜೊತೆ ಕಾಲುಚೀಲ ಹೆಣೆಯಬೇಕೆಂದಿದ್ದೇನೆ. ಅಂಗಡಿಯಲ್ಲಿ ಏನು ಕೇಳಿದರೂ ಅದೇ ಅಕ್ರಿಲಿಕ್ (ಕೃತಕ ನೂಲು) ಉಂಡೆ ತೋರಿಸುತ್ತಾರೆ. ಅಂತರ್ಜಾಲದಲ್ಲಿ ನೋಡಿದರೆ ಮೆರಿನೋ ಕುರಿಯ ನಯವಾದ ಉಣ್ಣೆ ಬಿಟ್ಟು ಬೇರೆ ಮುಟ್ಟಲೇಬಾರದು ಎನ್ನುತ್ತಾರೆ. ಯಾವುದರಿಂದ ಆರಂಭಿಸಲಿ? ಯಾವ ನೂಲು, ಎಷ್ಟು, ಎಷ್ಟನೇ ನಂಬರಿನ ಕಡ್ಡಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಧಾರವಾಡದಿಂದ

ನೂಲಿನ ಮಾತು ಆಮೇಲೆ. ಇವನ್ನೆಲ್ಲ ಒಗೆಯುವವರು ಯಾರು ಎಂದು ಮೊದಲು ಯೋಚಿಸಿ. ಬಾಣಂತನದ ಮನೆಯಲ್ಲಿ ಬಟ್ಟೆ ವಿಂಗಡಿಸಿ, ತಣ್ಣೀರಿನಲ್ಲಿ ನಯವಾಗಿ ಹಿಂಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಎಲ್ಲವೂ ಒಂದೇ ಬಕೆಟ್ಟಿಗೆ ಬೀಳುತ್ತದೆ, ಮೇಲೆ ಬಿಸಿನೀರು ಬೀಳುತ್ತದೆ. ಉಣ್ಣೆ ಬಿಸಿನೀರಿನಲ್ಲಿ ತಿಕ್ಕಿಸಿಕೊಂಡರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ; ಮತ್ತೆ ಎಷ್ಟು ಎಳೆದರೂ ಹಿಗ್ಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಮೆರಿನೋ ಕಡೆಗೆ ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗುತ್ತದೆ. ಮಗುವಿಗೆ ಅಕ್ರಿಲಿಕ್ಕೇ ಸಾಕು, ಅದರಲ್ಲಿ ನಾಚಿಕೆಯೇನೂ ಇಲ್ಲ. ಅಂಗಡಿಯಲ್ಲಿ ಉಂಡೆಯನ್ನು ಕೆನ್ನೆಗೆ, ಕತ್ತಿಗೆ ಉಜ್ಜಿ ನೋಡಿ. ಚುಚ್ಚದಿದ್ದರೆ ತೆಗೆದುಕೊಳ್ಳಿ.

ಹೊದಿಕೆಯಿಂದಲೇ ಆರಂಭಿಸಿ. ದೊಡ್ಡದು ಎಂದು ಹೆದರಬೇಡಿ, ಮೂರರಲ್ಲಿ ಅದೇ ಸುಲಭ. ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕ ಹಾಕಿಕೊಳ್ಳಿ. ಪರ್ಲ್ ಕೂಡ ಬೇಡ, ಎಲ್ಲ ಸಾಲೂ ನಿಟ್. ಕಡ್ಡಿಗೆ 4 ಕುಣಿಕೆ ಹಾಕಿ ಒಂದು ಸಾಲು ಹೆಣೆಯಿರಿ. ಆಮೇಲೆ ಪ್ರತಿ ಸಾಲಿನಲ್ಲೂ 2 ಕುಣಿಕೆ ಹೆಣೆದು, ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಸುತ್ತಿ, ಉಳಿದದ್ದನ್ನು ಹೆಣೆದು ಮುಗಿಸಿ. ಸಾಲಿಗೊಂದು ಕುಣಿಕೆ ಹೆಚ್ಚುತ್ತಾ ತ್ರಿಕೋನ ಬೆಳೆಯುತ್ತದೆ. ಕುಣಿಕೆ ಇಳಿಸುವಾಗ, ಅಂದರೆ ಕಡಿಮೆ ಮಾಡುವಾಗ, 1 ಹೆಣೆದು, 2 ಸೇರಿಸಿ ಹೆಣೆದು, ನೂಲು ಸುತ್ತಿ, ಮತ್ತೆ 2 ಸೇರಿಸಿ ಹೆಣೆದು, ಉಳಿದದ್ದು ನಿಟ್. ಮತ್ತೆ 4 ಕುಣಿಕೆ ಉಳಿದಾಗ ಮುಚ್ಚಿಬಿಡಿ.

ಇದರ ಸೊಗಸು ಏನೆಂದರೆ ಅಳತೆಯ ತಲೆನೋವೇ ಇಲ್ಲ. ಎಲ್ಲ ಉಂಡೆಗಳನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದಿಟ್ಟುಕೊಳ್ಳಿ. ಅರ್ಧ ನೂಲು ಖರ್ಚಾಗುವುದಕ್ಕೆ ಸ್ವಲ್ಪ ಮೊದಲೇ ಇಳಿಸಲು ಶುರು ಮಾಡಿದರೆ ನೂಲು ಮುಗಿಯುವ ಹೊತ್ತಿಗೆ ಚೌಕವೂ ಮುಗಿಯುತ್ತದೆ. 4 ಮಿಲಿಮೀಟರ್ ಕಡ್ಡಿಗೆ ಸರಿಹೊಂದುವ ಅಕ್ರಿಲಿಕ್ ಆದರೆ 80 ಸೆಂಟಿಮೀಟರ್ ಚೌಕಕ್ಕೆ 350ರಿಂದ 400 ಗ್ರಾಂ ಹಿಡಿಯುತ್ತದೆ. ಆದರೆ ಒಂದು ಮಾತು: ನಡುವೆ ಕಡ್ಡಿಯ ಮೇಲೆ ಇರುವುದು ಚೌಕದ ಕರ್ಣ. 80 ಸೆಂಟಿಮೀಟರ್ ಚೌಕಕ್ಕೆ ಕರ್ಣ ಸುಮಾರು 113. ನೇರ ಕಡ್ಡಿಯಲ್ಲಿ ಅಷ್ಟು ಕುಣಿಕೆ ನಿಲ್ಲುವುದಿಲ್ಲ, ತುದಿಯಿಂದ ಜಾರುತ್ತವೆ. 80 ಅಥವಾ 100 ಸೆಂಟಿಮೀಟರ್ ವಯರ್ ಇರುವ ಸರ್ಕ್ಯುಲರ್ ಕಡ್ಡಿಯನ್ನೇ ತನ್ನಿ. ಎಲ್ಲ ಉಂಡೆಗಳ ಚೀಟಿಯ ಮೇಲೂ ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಒಂದು ಲಾಟಿನ ಕೆನೆಬಣ್ಣ ಇನ್ನೊಂದು ಲಾಟಿನ ಕೆನೆಬಣ್ಣವಲ್ಲ; ಟ್ಯೂಬ್‌ಲೈಟಿನಲ್ಲಿ ಕಾಣದ ಗೆರೆ ಬಿಸಿಲಿನಲ್ಲಿ ಕಾಣುತ್ತದೆ.

ಶಿವಮೊಗ್ಗದಿಂದ

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಧಾರವಾಡದ ಅಕ್ಕನ ಚೌಕ ನನಗೂ ಇಷ್ಟ, ಅಕ್ರಿಲಿಕ್ ಮಾತ್ರ ಒಪ್ಪುವುದಿಲ್ಲ. ಒಗೆಯುವವರನ್ನು ಕೇಳಿದ ಹಾಗೆಯೇ, ಮಗುವಿಗೆ ನೀರು ಹಾಕುವವರನ್ನೂ ಕೇಳಬೇಕು. ನಮ್ಮ ಕಡೆ ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂಸನ್ನು ಹೊಗೆಯ ಮೇಲೆ ಹಿಡಿಯುವ ಅಜ್ಜಿಯರು ಇನ್ನೂ ಇದ್ದಾರೆ. ಅಕ್ರಿಲಿಕ್ಕಿಗೆ ಕಿಡಿ ತಗುಲಿದರೆ ಅದು ಕರಗಿ, ಕುದಿಯುವ ಅಂಟಿನ ಹಾಗೆ ಚರ್ಮಕ್ಕೆ ಹತ್ತುತ್ತದೆ. ಹೊಗೆ ಮಗುವಿನ ಶ್ವಾಸಕ್ಕೂ ಒಳ್ಳೆಯದಲ್ಲ. ಅದನ್ನು ಅಜ್ಜಿಗೆ ಹೇಳಿ ನಿಲ್ಲಿಸುವಷ್ಟು ಗಟ್ಟಿಗಿತ್ತಿ ನೀವಾದರೆ ಸಂತೋಷ. ಇಲ್ಲವಾದರೆ ಹತ್ತಿ ನೂಲು ತನ್ನಿ. ಹತ್ತಿಗೂ ಬೆಂಕಿ ಹತ್ತುತ್ತದೆ, ಕರಗಿ ಮೈಗೆ ಅಂಟುವುದಿಲ್ಲ ಅಷ್ಟೇ. ಕೆಂಡದ ಹತ್ತಿರ ಎರಡೂ ಬೇಡ. ಹತ್ತಿ ಬಿಸಿನೀರನ್ನೂ ತಡೆಯುತ್ತದೆ. ತೂಕ ಹೆಚ್ಚು, ಹಾಗಾಗಿ ನೂರು ಗ್ರಾಂ ಜಾಸ್ತಿ ತೆಗೆದುಕೊಳ್ಳಿ.

ಇನ್ನೊಂದು, ನೂಲು ಸುತ್ತಿ ಹೆಚ್ಚಿಸಿದರೆ ಅಂಚಿನುದ್ದಕ್ಕೂ ತೂತುಗಳ ಸಾಲು ಬರುತ್ತದೆ. ನೋಡಲು ಚೆಂದ, ಎಳೆಗೂಸಿನ ಬೆರಳು ಸಿಕ್ಕಿಕೊಳ್ಳಲೂ ಅನುಕೂಲ. ಅದರ ಬದಲು ಸಾಲಿನ ಮೊದಲ ಕುಣಿಕೆಯನ್ನೇ ಮುಂದೆ ಒಮ್ಮೆ, ಹಿಂದೆ ಒಮ್ಮೆ ಹೆಣೆದು ಎರಡು ಮಾಡಿ. ಇಳಿಸುವಾಗ ಸಾಲಿನ ಆರಂಭದಲ್ಲಿ 2 ಸೇರಿಸಿ ಹೆಣೆಯಿರಿ. ತೂತಿಲ್ಲದ ಅಂಚು ಬರುತ್ತದೆ.

ಒಂದು ವರ್ಷದೊಳಗಿನ ಮಗು ನಿದ್ದೆ ಮಾಡುವಾಗ ಸಡಿಲವಾದ ಹೊದಿಕೆ ಹಾಸಿಗೆಯಲ್ಲಿ ಇರಬಾರದು. ಮುಖಕ್ಕೆ ಸರಿದರೆ ತಳ್ಳಿಕೊಳ್ಳಲು ಅದಕ್ಕೆ ಬರುವುದಿಲ್ಲ. ಎತ್ತಿಕೊಂಡು ಕೂತಾಗ, ಲಸಿಕೆಗೆ ಕರೆದೊಯ್ಯುವಾಗ, ನೆಲದ ಮೇಲೆ ಹಾಸಿ ಆಡಿಸುವಾಗ ಬಳಸಿ. ಕುಲಾವಿಗೂ ಇದೇ ಮಾತು: ಹೊರಗೆ ಹೋಗುವಾಗ ಹಾಕಿ, ಮನೆಯೊಳಗೆ ಮಲಗಿಸುವಾಗ ತೆಗೆಯಿರಿ. ಕುತ್ತಿಗೆಗೆ ಕಟ್ಟುವ ದಾರ, ಉಲ್ಲನ್ ಚೆಂಡು, ಮಣಿ ಯಾವುದೂ ಬೇಡ.

ಬೆಳಗಾವಿಯಿಂದ

ಕಟ್ಟುವ ದಾರವೇ ಇಲ್ಲದ ಮೇಲೆ ಅದು ಕುಲಾವಿ ಹೇಗಾದೀತು ಎಂದು ನಮ್ಮತ್ತೆ ಕೇಳುತ್ತಿದ್ದಾರೆ! ಟೋಪಿ ಎಂದೇ ಇಟ್ಟುಕೊಳ್ಳಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34–35 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಟೋಪಿಯನ್ನು 30–31ಕ್ಕೆ ಹೆಣೆಯಿರಿ. 4 ಮಿಲಿಮೀಟರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 21 ಕುಣಿಕೆ ಬರುವ ಕೈಯಾದರೆ 64 ಕುಣಿಕೆ ಸಾಕು. ಸುತ್ತಾಗಿ ಸೇರಿಸಿ ಸ್ವಲ್ಪ ರಿಬ್ (ನಿಟ್, ಪರ್ಲ್ ಸರದಿಯಲ್ಲಿ ಹೆಣೆದ ಹಿಗ್ಗುವ ಪಟ್ಟಿ), ಆಮೇಲೆ ಬರೀ ನಿಟ್, ಒಟ್ಟು 10 ಸೆಂಟಿಮೀಟರ್ ಎತ್ತರ. ಮುಂದೆ 6 ಹೆಣೆದು 2 ಸೇರಿಸುವ ಸುತ್ತು, ಒಂದು ಸಾದಾ ಸುತ್ತು, 5 ಹೆಣೆದು 2 ಸೇರಿಸುವ ಸುತ್ತು, ಹೀಗೆ. 8 ಕುಣಿಕೆ ಉಳಿದಾಗ ನೂಲು ಕತ್ತರಿಸಿ, ಅವುಗಳ ಮೂಲಕ ಪೋಣಿಸಿ ಬಿಗಿಯಾಗಿ ಎಳೆದು ಒಳಗೆ ಹೊಲಿದುಬಿಡಿ. ಸಂಜೆಯ ಹರಟೆಯಲ್ಲೇ ಮುಗಿದುಹೋಗುವ ಕೆಲಸ.

ಬೆಂಗಳೂರಿನಿಂದ

ಕಡ್ಡಿಯ ನಂಬರ್ ಬಗ್ಗೆ ಯಾರೂ ಎಚ್ಚರಿಸಲಿಲ್ಲ. ನಮ್ಮ ಹಳೆಯ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಲೆಕ್ಕ: ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8 ನಂಬರ್ ಎಂದರೆ 4 ಮಿಲಿಮೀಟರ್, 10 ನಂಬರ್ ಎಂದರೆ 3.25. ಅಮೆರಿಕದ ಲೆಕ್ಕ ತದ್ವಿರುದ್ಧ, ಅಲ್ಲಿಯ 8 ಎಂದರೆ 5 ಮಿಲಿಮೀಟರ್, 10 ಎಂದರೆ 6. ಅಲ್ಲಿಯ ವಿಡಿಯೋ ನೋಡಿ ಇಲ್ಲಿಯ 10 ನಂಬರ್ ಕಡ್ಡಿ ತಂದರೆ ಹೊದಿಕೆ ಕಾಲೊರಸಿನಷ್ಟು ಗಟ್ಟಿಯಾಗುತ್ತದೆ. ಮಿಲಿಮೀಟರಿನಲ್ಲೇ ಕೇಳಿ. ಊಟಿಯ ಹತ್ತಿರದ ಕೇತ್ತಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳು ಎಲ್ಲ ಕಡೆ ಸಿಗುತ್ತವೆ, ಕಲಿಯುವವರಿಗೆ ಅವು ಸಾಕು.

ಅಂಗಡಿಯವರು ಉಣ್ಣೆ ಎಂದು ಕೊಡುವುದೆಲ್ಲ ಉಣ್ಣೆಯಲ್ಲ. ಸಂಶಯ ಬಂದರೆ ಒಂದು ತುಂಡು ನೂಲನ್ನು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ನಿವೃತ್ತನಾದ ಮೇಲೆ ಹೆಣಿಗೆ ಕಲಿತ ಗಂಡಸು ನಾನು. ಉಲ್ಲನ್ ಅಂಗಡಿಯಲ್ಲಿ ಇಂದಿಗೂ ‘ಮೇಡಂ ಚೀಟಿ ಬರೆದುಕೊಟ್ಟಿದ್ದಾರಾ ಸಾರ್’ ಎಂದೇ ಕೇಳುತ್ತಾರೆ.

ಎಡಿನ್‌ಬರೋದಿಂದ

ಅಪ್ಪನ ಕಾಲುಚೀಲ ನನ್ನ ಪಾಲಿಗಿರಲಿ. ಇಲ್ಲಿಯ ಚಳಿಗೆ ನಾನು ವರ್ಷವಿಡೀ ಹೆಣೆಯುವುದು ಅದನ್ನೇ. ಇದಕ್ಕೆ ಮಾತ್ರ ಅಕ್ರಿಲಿಕ್ ಬೇಡ, ಕಾಲು ಬೆವರಿ ಒಳಗೇ ಒದ್ದೆಯಾಗುತ್ತದೆ. ಬರೀ ಹತ್ತಿಯೂ ಬೇಡ, ಅದಕ್ಕೆ ಪುಟಿತವಿಲ್ಲ. ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಜೋತುಬೀಳುತ್ತದೆ. ಕಾಲುಚೀಲಕ್ಕೆಂದೇ ಬರುವ, ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ನೂಲು ತರಿಸಿ. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ಇರುತ್ತದೆ, ಒಂದು ಜೊತೆಗೆ ಸಾಕು. ನೈಲಾನ್ ಇಲ್ಲದಿದ್ದರೆ ಹಿಮ್ಮಡಿ ಬೇಗ ಸವೆಯುತ್ತದೆ.

ಮೊದಲು ಅದೇ ನೂಲು, 2.5 ಮಿಲಿಮೀಟರ್ ಕಡ್ಡಿಯಲ್ಲಿ ಅಂಗೈಯಗಲದ ತುಂಡು ಹೆಣೆದು, ಒಗೆದು, ಒಣಗಿಸಿ, ಒಂದು ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂದು ಎಣಿಸಿ. ಒಗೆಯದೆ ಎಣಿಸಿದ್ದು ಲೆಕ್ಕಕ್ಕಿಲ್ಲ. ಆಮೇಲೆ ಅಪ್ಪನ ಪಾದದ ದಪ್ಪ ಭಾಗದ ಸುತ್ತಳತೆ ತೆಗೆದುಕೊಳ್ಳಿ. ಅದು 23 ಸೆಂಟಿಮೀಟರ್ ಎನ್ನೋಣ. ಅದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ, ಸುಮಾರು 21. ಸೆಂಟಿಮೀಟರಿಗೆ 3 ಕುಣಿಕೆ ಬಂದರೆ 63. ನಾಲ್ಕರಿಂದ ಭಾಗವಾಗುವ ಹತ್ತಿರದ ಸಂಖ್ಯೆ 64. ಪಾದಕ್ಕಿಂತ ಚೀಲ ಸ್ವಲ್ಪ ಚಿಕ್ಕದಿದ್ದರೇ ಸರಿಯಾಗಿ ಕೂರುತ್ತದೆ.

64 ಕುಣಿಕೆ ಸಡಿಲವಾಗಿ ಹಾಕಿ, 2 ನಿಟ್ 2 ಪರ್ಲ್ ರಿಬ್ಬಿನಲ್ಲಿ ಬೇಕಾದಷ್ಟು ಉದ್ದ ಇಳಿಯಿರಿ. ಎಲ್ಲರೂ ಹೆದರುವ ಜಾಗ ಹಿಮ್ಮಡಿ. ಅಲ್ಲಿ ಅರ್ಧ, ಅಂದರೆ 32 ಕುಣಿಕೆಯನ್ನು ಮಾತ್ರ ಹಿಂದಕ್ಕೂ ಮುಂದಕ್ಕೂ 32 ಸಾಲು ಹೆಣೆಯಬೇಕು, ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸುತ್ತಾ. ಆಮೇಲೆ ಬಟ್ಟಲಿನ ಆಕಾರ ತರುವುದು: 18 ಹೆಣೆಯಿರಿ, 2 ಸೇರಿಸಿ, 1 ಹೆಣೆದು, ಉಳಿದದ್ದನ್ನು ಹಾಗೇ ಬಿಟ್ಟು ತಿರುಗಿಸಿ. ಒಂದು ಜಾರಿಸಿ, 5 ಪರ್ಲ್, 2 ಸೇರಿಸಿ ಪರ್ಲ್, 1 ಪರ್ಲ್, ಮತ್ತೆ ತಿರುಗಿಸಿ. ತಿರುಗಿಸಿದ ಕಡೆ ಒಂದು ಸಂದು ಕಾಣುತ್ತದೆ. ಇನ್ನು ಮುಂದೆ ಪ್ರತಿ ಸಾಲಿನಲ್ಲೂ ಆ ಸಂದಿನ ಆಚೆಯ ಈಚೆಯ ಎರಡು ಕುಣಿಕೆ ಸೇರಿಸಿ, ಇನ್ನೊಂದು ಹೆಣೆದು ತಿರುಗಿಸುವುದು ಅಷ್ಟೇ. 18 ಉಳಿದಾಗ ಹಿಮ್ಮಡಿ ತಾನೇ ಬಾಗಿ ನಿಂತಿರುತ್ತದೆ. ಓದುವಾಗ ಅರ್ಥವಾಗುವುದಿಲ್ಲ, ಕೈಯಲ್ಲಿ ಹಿಡಿದಾಗ ಆಗುತ್ತದೆ; ನಂಬಿ ಹೆಣೆಯಿರಿ.

ಅಕ್ಕಪಕ್ಕದ ಅಂಚಿನಲ್ಲಿ, ಜಾರಿಸಿದ ಕುಣಿಕೆಗಳಿಂದ 16–16 ಎತ್ತಿಕೊಂಡರೆ, ಮುಂಭಾಗದಲ್ಲಿ ಬಿಟ್ಟಿದ್ದ 32 ಸೇರಿ ಒಟ್ಟು 82 ಆಗುತ್ತದೆ. ಸುತ್ತು ಬಿಟ್ಟು ಸುತ್ತು ಎರಡು ಬದಿಯಲ್ಲೂ ಒಂದೊಂದು ಇಳಿಸಿ 64ಕ್ಕೆ ಬನ್ನಿ. ಪಾದದ ಉದ್ದಕ್ಕೆ 5 ಸೆಂಟಿಮೀಟರ್ ಕಡಿಮೆ ಇರುವಾಗ ಬೆರಳಿನ ಕಡೆ ಇಳಿಸಲು ಆರಂಭಿಸಿ. ಮೊದಲನೆಯದು ಮುಗಿದ ದಿನವೇ ಎರಡನೆಯದಕ್ಕೆ ಕುಣಿಕೆ ಹಾಕಿಬಿಡಿ. ನಾಳೆ ಎಂದರೆ ಒಂಟಿ ಕಾಲುಚೀಲ ಡ್ರಾಯರಿನಲ್ಲೇ ಉಳಿಯುತ್ತದೆ.

ಶಿವಮೊಗ್ಗದಿಂದ, ಮತ್ತೆ

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೇ? ಇದ್ದರೆ ಮೇಲಿನ ರಿಬ್ ಬಿಗಿಯಿರಬಾರದು. ಬಿಚ್ಚಿದಾಗ ಚರ್ಮದ ಮೇಲೆ ಗೆರೆ ಉಳಿದರೆ ಅದು ಬಿಗಿ ಎಂದೇ ಅರ್ಥ. ಒಳಗೆ ಗಂಟು, ಉಬ್ಬಿದ ಹೊಲಿಗೆ ಇರಬಾರದು. ಅವರಿಗೆ ಒತ್ತಿದ್ದು ಗೊತ್ತಾಗದೇ ಇರಬಹುದು. ಕಾಲು ತಣ್ಣಗಾಗುವುದನ್ನು ಡಾಕ್ಟರಿಗೂ ಒಮ್ಮೆ ಹೇಳಿ, ರಕ್ತ ಸಂಚಾರ ನೋಡಲಿ. ಇನ್ನು ಉಣ್ಣೆಯ ಕಾಲುಚೀಲ ಹಾಕಿಕೊಂಡು ಗ್ರಾನೈಟ್ ನೆಲದ ಮೇಲೆ ರಾತ್ರಿ ಬಚ್ಚಲಿಗೆ ನಡೆದರೆ ಜಾರುವುದು ಖಂಡಿತ. ಹಾಸಿಗೆಯಲ್ಲಿ ಮಾತ್ರ ಎಂದು ಹೇಳಿ, ಇಲ್ಲವೇ ಅಂಗಾಲಿಗೆ ಚರ್ಮದ ತುಂಡು ಹೊಲಿಯಿರಿ.

ಚಿತ್ರದುರ್ಗದಿಂದ

ಚಳ್ಳಕೆರೆಯ ಕಂಬಳಿಯ ಉಣ್ಣೆಯಲ್ಲಿ ಹೆಣೆಯಬಹುದಲ್ಲ ಎಂದು ಇನ್ನು ಯಾರಾದರೂ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಹುಣಸೆಬೀಜದ ಗಂಜಿ ಕೊಟ್ಟು ಮಗ್ಗದಲ್ಲಿ ನೇಯ್ದಾಗ ಮಳೆ, ಚಳಿ ಎರಡಕ್ಕೂ ಕುರುಬರ ಹೆಗಲಿಗೆ ಒದಗುತ್ತದೆ. ಕೂಸಿನ ಮೈಗೆ ಅದು ಚುಚ್ಚುತ್ತದೆ. ದಪ್ಪ ಕಡ್ಡಿಯಲ್ಲಿ ಕುಳಿತುಕೊಳ್ಳುವ ಆಸನ ಹೆಣೆದು ನೋಡಿ, ಅದಕ್ಕೆ ಇದಕ್ಕಿಂತ ಒಳ್ಳೆಯ ನೂಲಿಲ್ಲ.

ಮಂಗಳೂರಿನಿಂದ

ಹೆರಿಗೆಗೆ ಮೊದಲೇ ಹೆಣೆದು ಮುಗಿಸಿದರೆ ಎತ್ತಿಡುವ ಪ್ರಶ್ನೆ ಬರುತ್ತದೆ. ಮಗುವಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೊರತೆ ಇದೆಯೋ ಇಲ್ಲವೋ ಹುಟ್ಟಿದಾಗ ನೋಡಿ ಹೇಳಲಾಗುವುದಿಲ್ಲ. ಹತ್ತಿಗೂ ಅಕ್ರಿಲಿಕ್ಕಿಗೂ ಉಣ್ಣೆ ತಿನ್ನುವ ಹುಳುವಿನ ಭಯ ಅಷ್ಟಾಗಿ ಇಲ್ಲ. ಒಗೆದು, ಪೂರ್ತಿ ಒಣಗಿಸಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟರೆ ಸಾಕು. ಒದ್ದೆ ಹೊದಿಕೆಯನ್ನು ತಂತಿಯ ಮೇಲೆ ನೇತುಹಾಕಿದರೆ ತನ್ನ ಭಾರಕ್ಕೇ ಎಳೆದುಕೊಂಡು ಉದ್ದವಾಗುತ್ತದೆ, ಹತ್ತಿಯಾದರೆ ಇನ್ನೂ ಹೆಚ್ಚು. ಚಾಪೆಯ ಮೇಲೆ ಹರಡಿ, ನಾಲ್ಕು ಮೂಲೆ ಸರಿಮಾಡಿ ಒಣಗಿಸಿ. ಕೊನೆಗೆ ಅಕ್ರಿಲಿಕ್ಕೇ ತಂದಿರಾದರೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ಒಂದು ಸಲ ಶಾಖಕ್ಕೆ ಚಪ್ಪಟೆಯಾದ ಹೆಣಿಗೆ ಮತ್ತೆ ಏಳುವುದಿಲ್ಲ.