ಮಾವ, ಇದು ನಿಮಗೆ

ಮಾವ, ಎಲ್ರೂ ಫೋಟೋ ಹಾಕು ಹಾಕು ಅಂತಿದ್ದಾಗ ನೀವೊಬ್ರು, "ಫೋಟೋ ನಂಗೇನು ಕಾಣುತ್ತೆ, ಜಪಾನ್ ಹೇಗಿದೆ ಅಂತ ಬಾಯಲ್ಲಿ ಹೇಳು ಮಗಾ" ಅಂದ್ರಲ್ಲ, ಅದು ಬೆಳಗ್ಗೆಯಿಂದ ತಲೇಲೇ ಇತ್ತು. ಈಗ ರೂಮಿಗೆ ಬಂದೆ. ಉದ್ದ ಆಗುತ್ತೆ, ಬೇರೆಯವರು ಬೇಜಾರು ಮಾಡ್ಕೋಬೇಡಿ.

ಟೋಕಿಯೋಗೆ ಬಂದು ನಾಲ್ಕು ದಿನ ಆಯ್ತು. ಇಷ್ಟು ಜನ ಇದ್ದೂ ಗಲಾಟೆ ಅನ್ನೋದೇ ಇಲ್ಲ. ರೈಲಲ್ಲಿ ಕಾಲಿಡೋಕೆ ಜಾಗ ಇರಲ್ಲ, ಆದ್ರೂ ಫೋನಲ್ಲಿ ಯಾರೂ ಮಾತಾಡಲ್ಲ. ಹಾರ್ನ್ ಕೇಳಿದ ನೆನಪೇ ಇಲ್ಲ. ಹಾಗಾಗಿ ಸಣ್ಣ ಸಣ್ಣ ಸದ್ದೆಲ್ಲ ಕಿವಿಗೆ ಬೀಳುತ್ತೆ. ದೊಡ್ಡ ಸಿಗ್ನಲ್‌ಗಳಲ್ಲಿ ಹಸಿರು ಬಂದ್ರೆ ಒಂದು ದಿಕ್ಕಿಗೆ ಮರಿಹಕ್ಕಿ ಥರ ಪಿಯೋ ಪಿಯೋ, ಅಡ್ಡರಸ್ತೆಗೆ ಕಕ್ಕೋ ಕಕ್ಕೋ. ಯಾವ ಕಡೆ ದಾಟಬಹುದು ಅಂತ ಕಿವೀಲೇ ಗೊತ್ತಾಗುತ್ತೆ ಮಾವ! ಸ್ಟೇಷನ್ನಲ್ಲಿ ಟಿಕೆಟ್ ಗೇಟ್ ಎಲ್ಲಿದೆ ಅಂತ ಹೇಳೋಕೆ ಪಿಂ-ಪೋಂ ಅಂತ ಬಿಟ್ಟು ಬಿಟ್ಟು ಬಾರಿಸ್ತಿರುತ್ತೆ. ಪ್ಲಾಟ್‌ಫಾರ್ಮಲ್ಲಿ ಮೆಟ್ಟಿಲು ಇರೋ ಕಡೆ ಹಕ್ಕಿ ಚಿಲಿಪಿಲಿ. ನಿಜವಾದ ಹಕ್ಕಿ ಒಳಗೆ ಸೇರ್ಕೊಂಡಿದೆ ಅಂತ ಹುಡುಕಿದೆ, ನೋಡಿದ್ರೆ ಸ್ಪೀಕರು. ಮೆಟ್ಟಿಲ ಕಂಬಿ ಹಿಡ್ಕೊಂಡ್ರೆ ಬೆರಳಿಗೆ ಬ್ರೈಲ್ ಸಿಗುತ್ತೆ, ಈ ದಾರಿ ಎಲ್ಲಿಗೆ ಅಂತ.

ಕಾಲಡಿ ಹಳದಿ ಟೈಲು ಅಂತೂ ಎಲ್ಲೆಲ್ಲೂ. ಮೆಜೆಸ್ಟಿಕ್ ಮೆಟ್ರೋದಲ್ಲಿ ಕೋಲು ತಾಗಿಸಿ ತೋರಿಸಿದ್ರಲ್ಲ, ಉದ್ದ ಗೆರೆ ಅಂದ್ರೆ ನಡಿ, ಗುಂಡು ಚುಕ್ಕೆ ಅಂದ್ರೆ ನಿಲ್ಲು ಅಂತ, ಅದು ಹುಟ್ಟಿದ್ದೇ ಈ ದೇಶದಲ್ಲಿ. ಮಿಯಾಕೆ ಅನ್ನೋರು ಕಂಡುಹಿಡಿದದ್ದು, 1967ರಲ್ಲಿ ಒಕಯಾಮಾ ಊರಲ್ಲಿ ಅಂಧರ ಶಾಲೆ ಹತ್ರ ಮೊದಲು ಹಾಕಿದ್ರು. ನಮ್ಮನೆ ಬೀದೀಲಿ ಅದೇ ಟೈಲು ನೆಟ್ಟಗೆ ಲೈಟ್ ಕಂಬಕ್ಕೆ ಕರ್ಕೊಂಡು ಹೋಗುತ್ತೆ, ನಿಮ್ಮ ಹಣೆ ಗಾಯ ನಾನು ಮರೆತಿಲ್ಲ. ಇಲ್ಲಿ ಅದು ಸ್ಟೇಷನ್ನಿಂದ ಹೊರಗೆ ಬಂದು ಫುಟ್‌ಪಾತ್ ಹಿಡಿದು ಹೋಗ್ತಾನೇ ಇರುತ್ತೆ. ನಿನ್ನೆ ಒಬ್ರು ಅಜ್ಜ ಬಿಳಿ ಕೋಲು ಹಿಡ್ಕೊಂಡು ಅದರ ಮೇಲೆ ಒಬ್ರೇ, ಏನೂ ಅವಸರ ಇಲ್ಲದೆ ನಡೀತಿದ್ರು. ತುಂಬಾ ಹೊತ್ತು ನೋಡ್ತಾ ನಿಂತೆ. ಮೊದಲ ದಿನ ನಾನೇ ಸೂಟ್‌ಕೇಸ್ ತಂದು ಆ ಗೆರೆ ಮೇಲೆ ನಿಲ್ಲಿಸಿದ್ದೆ, ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಹಾಂ, ಬಚ್ಚಲುಮನೇಲಿ ಇನ್ನೊಂದು. ಶಾಂಪೂ ಬಾಟ್ಲಿ ಪಕ್ಕದಲ್ಲಿ ಗರಗಸದ ಹಲ್ಲಿನ ಥರ ಸಣ್ಣ ಗೀರು, ಕಂಡೀಷನರ್ ಬಾಟ್ಲಿ ನುಣುಪು. ಕಾವೋ ಅನ್ನೋ ಕಂಪನಿ 1991ರಲ್ಲಿ ಶುರು ಮಾಡಿದ್ದು, ಆಮೇಲೆ ಬೇರೆಯವರೂ ಹಾಗೇ ಮಾಡಿದ್ರು. ಹಾಲಿನ ಡಬ್ಬದ ಮೇಲಂಚಲ್ಲೂ ಅರ್ಧಚಂದ್ರದ ಹಾಗೆ ಕಚ್ಚು ಇದೆ, ಜ್ಯೂಸ್ ಅಲ್ಲ ಹಾಲು ಅಂತ ಬೆರಳಿಗೆ ಗೊತ್ತಾಗೋಕೆ.

ಅತ್ತೆ ಊಟದ್ದು ಕೇಳಿದ್ರು. ಸಾರಲ್ಲೆಲ್ಲ ಒಣಮೀನಿನ ರಸ ಇರುತ್ತೆ, ಕೇಳ್ಕೊಂಡೇ ತಿನ್ಬೇಕು. ಹುಳಿಹಣ್ಣಿನ ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆ ಸಿಗುತ್ತೆ, ಹೊಟ್ಟೆ ತುಂಬ್ತಿದೆ.

ನಾಳಿದ್ದು ನಾರಾ ಊರಿಗೆ ಹೋಗ್ತೀನಿ. ಅಲ್ಲಿ ತೋಶೋದೈಜಿ ಅಂತ ಬೌದ್ಧ ದೇವಸ್ಥಾನ, ಗಂಜಿನ್ ಅನ್ನೋ ಭಿಕ್ಷು 759ರಲ್ಲಿ ಕಟ್ಟಿಸಿದ್ದು. ಚೀನಾದಿಂದ ಐದು ಸಲ ಹೊರಟು ಆಗ್ಲಿಲ್ಲ, ಅಷ್ಟರಲ್ಲಿ ಕಣ್ಣೂ ಹೋಯ್ತು, ಆರನೇ ಸಲಕ್ಕೆ ಸಮುದ್ರ ದಾಟಿ ಬಂದ್ರು. ನಿಮ್ಮ ಹೆಸರಲ್ಲಿ ಒಂದು ದೀಪ ಹಚ್ಚಬೇಕು ಅಂತಿದ್ದೀನಿ, ಬಿಡ್ತಾರಾ ಕೇಳ್ಬೇಕು.

ಸಿಗ್ನಲ್ ಹಕ್ಕಿಗಳೆರಡನ್ನೂ ರೆಕಾರ್ಡ್ ಮಾಡಿದ್ದೀನಿ, ಇದರ ಹಿಂದೇನೇ ಕಳಿಸ್ತೀನಿ. ಇಯರ್‌ಫೋನ್ ಹಾಕ್ಕೊಂಡು ಕೇಳಿ ಮಾವ, ಎರಡನೇದು ಸ್ವಲ್ಪ ಮೆತ್ತಗಿದೆ.